ಗುಡ್ಡ ಹಸಿರಾದರೆ ಕಾಡು ಮರಳಿದಂತೆಯೇ? ಫೋಟೊದಲ್ಲಿ ಏನನ್ನು ನೋಡಬೇಕು

"ಬೋಳುಗುಡ್ಡ ಈಗ ದಟ್ಟ ಕಾಡು, ಪ್ರಾಣಿ ಪಕ್ಷಿಗಳೂ ಮರಳಿವೆ" ಎಂಬ ಸಂದೇಶದ ಜೊತೆ ಹಸಿರು ಫೋಟೊಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಓಡಾಡುತ್ತವೆ. ಹಸಿರಾದರೆ ಕಾಡು ಮರಳಿದಂತೆಯೇ? ಅಷ್ಟು ಸುಲಭವಲ್ಲ.

ಗುಲ್ವಾಡಿ ಇರುವ ಕುಂದಾಪುರ ಸೀಮೆಯೂ ಸೇರಿದಂತೆ ಕರಾವಳಿಯ ಮುರಕಲ್ಲು ಗುಡ್ಡಗಳಲ್ಲಿ ಅಕೇಶಿಯಾ ನೆಡುತೋಪುಗಳಿವೆ. ಇದು ಆಸ್ಟ್ರೇಲಿಯಾ ಕಡೆಯ ಮರ. ದೂರದಿಂದ ನೋಡಿದರೆ ಹಸಿರೇ. ಆದರೆ ನಮ್ಮ ಹಾಡಿಗಳಲ್ಲಿರುವ ಬಗೆಬಗೆಯ ಗಿಡ, ಬಳ್ಳಿ, ಹುಳುಗಳು ಅಲ್ಲಿ ಕಾಣುವುದು ಕಡಿಮೆ.

ವ್ಯತ್ಯಾಸ ತಿಳಿಯಲು ಚಿಟ್ಟೆಗಳನ್ನು ನೋಡಬಹುದು. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಹಲವು ಬಗೆಯ ಹೂಗಳ ಮಕರಂದವನ್ನು ಹೀರೀತು. ಅದರ ಮರಿಹುಳು ಮಾತ್ರ ಈಶ್ವರಿ ಬಳ್ಳಿ ಮತ್ತು ಅದರ ಹತ್ತಿರದ ಸಂಬಂಧಿ ಗಿಡಗಳ ಎಲೆಯನ್ನಷ್ಟೇ ತಿನ್ನುತ್ತದೆ. ಹಾಗಾಗಿ ಹಾರುವ ಚಿಟ್ಟೆಯ ಫೋಟೊ ಅದು ಬಂದುಹೋಯಿತು ಎನ್ನುತ್ತದೆ. ಎಲೆ ತಿನ್ನುವ ಮರಿಹುಳುವಿನ ಫೋಟೊ ಅದು ಇಲ್ಲೇ ಹುಟ್ಟಿ ಬೆಳೆಯುತ್ತಿದೆ ಎನ್ನುತ್ತದೆ. ಮೂಡುಬಿದಿರೆ ಸಮೀಪದ ಬೆಳುವಾಯಿಯಲ್ಲಿ ಸಮ್ಮಿಲನ್ ಶೆಟ್ಟಿ ಅವರು ತಮ್ಮ ಜಾಗದಲ್ಲಿ ಮಾಡಿದ ಚಿಟ್ಟೆ ಪಾರ್ಕ್ ನಿಂತಿರುವುದೂ ಇದೇ ತತ್ವದ ಮೇಲೆ: ಚಿಟ್ಟೆಗಳನ್ನು ಬಲೆಯೊಳಗೆ ಕೂಡಿಹಾಕದೆ, ಅವುಗಳಿಗೆ ಬೇಕಾದ ಗಿಡಗಳನ್ನು ಬೆಳೆಸುವುದು.

ನೀವೂ ದಾಖಲಿಸಬಹುದು. ಗಿಡವಾದರೆ ಎಲೆಯ ಎರಡೂ ಬದಿ, ಹೂ, ಕಾಯಿ, ತೊಗಟೆಯ ಫೋಟೊ ತೆಗೆಯಿರಿ. ಹುಳುವಾದರೆ ಅದು ಕೂತ ಗಿಡವೂ ಕಾಣಲಿ. ಅದೇ ಜಾಗಕ್ಕೆ ಮಳೆಗಾಲ ಹಿಡಿದಾಗ, ದೀಪಾವಳಿ ಹೊತ್ತಿಗೆ, ಬೇಸಿಗೆಯಲ್ಲಿ ಮತ್ತೆ ಹೋಗಿ. ಹೆಸರು ಹೇಳುವ ಆ್ಯಪ್‌ಗಳು ತಪ್ಪುವುದುಂಟು. ಆ್ಯಪ್ ಹೇಳಿತೆಂದು ಯಾವ ಸೊಪ್ಪನ್ನೂ ತಿನ್ನಬೇಡಿ, ಯಾವ ಹಾವನ್ನೂ ಮುಟ್ಟಬೇಡಿ. ಐನ್ಯಾಚುರಲಿಸ್ಟ್, ಇಂಡಿಯಾ ಬಯೋಡೈವರ್ಸಿಟಿ ಪೋರ್ಟಲ್‌ಗಳಲ್ಲಿ ಹಾಕಿದರೆ ಬಲ್ಲವರು ಹೆಸರು ತಿದ್ದುತ್ತಾರೆ.

ಅಲ್ಲಿ ದಿನಾಂಕ ಮತ್ತು ಸ್ಥಳ ಮುಖ್ಯ. ವಾಟ್ಸಾಪ್‌ನಲ್ಲಿ ಮಾಮೂಲಾಗಿ ಫೋಟೊ ಕಳಿಸಿದರೆ, ಅದರೊಳಗೆ ಅಡಗಿರುವ ಈ ಎರಡೂ ಮಾಹಿತಿ ಅಳಿಸಿಹೋಗುತ್ತವೆ. ಬೇರೆಲ್ಲಿಯದೋ ಹಳೆಯ ಚಿರತೆ ಫೋಟೊ "ನಮ್ಮೂರ ಹಾಡಿಯದು" ಆಗಿ ಜನರನ್ನು ಹೆದರಿಸಲು ಇಷ್ಟು ಸಾಕು. ಆದ್ದರಿಂದ ಮೂಲ ಫೋಟೊವನ್ನು ಅಳಿಸದೆ ಇಟ್ಟುಕೊಳ್ಳಿ.

ಒಂದು ಎಚ್ಚರಿಕೆ: ಅಪರೂಪದ ಪ್ರಾಣಿ, ಹಕ್ಕಿಗೂಡು, ಬೆಲೆಬಾಳುವ ಗಿಡಗಳ ನಿಖರ ಜಾಗವನ್ನು ಗುಂಪುಗಳಲ್ಲಿ ಹಂಚಬೇಡಿ. ಕಳ್ಳಬೇಟೆಗಾರರೂ ಅದೇ ಸಂದೇಶ ಓದಬಹುದು.

ಇನ್ನು ಮುಂದೆ "ಕಾಡು ಮರಳಿದೆ" ಎಂಬ ಫಾರ್ವರ್ಡ್ ಬಂದರೆ ಮೂರು ಪ್ರಶ್ನೆ ಕೇಳಿ: ಯಾವ ಊರು? ಯಾವ ದಿನ? ಯಾವ ಗಿಡ? ಉತ್ತರ ಸಿಗದಿದ್ದರೆ ಮುಂದಕ್ಕೆ ಕಳಿಸಬೇಡಿ.