ದಲ್ಲಾಳಿಗೆ ಎಷ್ಟು ಕೊಡಬೇಕು?

ಗ್ರಾಚುಯಿಟಿ ಹಣ ಬಿಡಿಸಿಕೊಡುತ್ತೇವೆ, ನೂರಕ್ಕೆ ಐದು ಕೊಡಿ ಎನ್ನುವವರು ಲೈನ್ ಮನೆಗಳಿಗೆ ಬರುತ್ತಾರೆ. ಐದು ಎಂದರೆ ಚಿಕ್ಕದಾಗಿ ಕೇಳಿಸುತ್ತದೆ. ಲೆಕ್ಕ ಹಾಕೋಣ. ದಿನಗೂಲಿ 400 ರೂಪಾಯಿ, ಸರ್ವಿಸ್ 30 ವರ್ಷ ಎಂದಿಟ್ಟುಕೊಳ್ಳಿ. ವರ್ಷಕ್ಕೆ 15 ದಿನದ ಕೂಲಿಯಂತೆ 1,80,000 ರೂಪಾಯಿ. ಅದರಲ್ಲಿ ಅವರ ಪಾಲು 9,000. ಇಪ್ಪತ್ತೆರಡೂವರೆ ದಿನ ಸೊಪ್ಪು ಕಿತ್ತ ಕೂಲಿ! ಅರ್ಜಿ ಬರೆಯುವ ನಮಗೆ ಗೊತ್ತು, ಅದು ಅರ್ಧ ದಿನದ ಕೆಲಸ.

ದುಡಿದವರಿಗೆ ಕೂಲಿ ಸಲ್ಲಬೇಕು. ಅದು ನಮ್ಮ ನಂಬಿಕೆ. ಓಡಾಟವಿದ್ದರೆ ಬಸ್ ಚಾರ್ಜು, ದಿನಗೂಲಿ ಕೊಡೋಣ. ಆದರೆ ಅಳತೆ ಅವರು ಮಾಡಿದ ಕೆಲಸ, ನಮ್ಮ ಗಂಟಿನ ಗಾತ್ರವಲ್ಲ. ಪಿ.ಎಫ್. ಅರ್ಜಿಗಂತೂ ಕಚೇರಿಯಲ್ಲಿ ಶುಲ್ಕವೇ ಇಲ್ಲ. ಒಪ್ಪುವ ಮುನ್ನ ಮೊತ್ತವನ್ನು ರೂಪಾಯಿಯಲ್ಲಿ ಕೇಳಿ, ಬರೆಸಿಕೊಳ್ಳಿ. ಖಾಲಿ ಕಾಗದಕ್ಕೆ ಹೆಬ್ಬೆಟ್ಟು ಒತ್ತಬೇಡಿ. ಮೊದಲು ಸಂಘಕ್ಕೆ ಬನ್ನಿ.