ಪಾದಯಾತ್ರೆಯ ಮೊದಲ ಮೂರು ದಿನಗಳು

ಮಹಾಶಿವರಾತ್ರಿ ಸಮೀಪಿಸಿದಂತೆ ಪೀಣ್ಯದ ಕಾರ್ಖಾನೆಗಳಿಂದ, ಎಲೆಕ್ಟ್ರಾನಿಕ್ ಸಿಟಿ ಮತ್ತು ವೈಟ್‌ಫೀಲ್ಡ್‌ನ ಕಂಪನಿಗಳಿಂದ ರಜೆ ಪಡೆದು, ಮಡದಿ ಮಕ್ಕಳು ಹಾಗೂ ವೃದ್ಧ ತಂದೆತಾಯಿಗಳೊಡನೆ ಮಲೆ ಮಹದೇಶ್ವರ ಬೆಟ್ಟಕ್ಕೆ ಕಾಲ್ನಡಿಗೆಯಲ್ಲಿ ಹೊರಡುವವರು ಅನೇಕರು. ಕನಕಪುರ, ಮಳವಳ್ಳಿ, ಕೊಳ್ಳೇಗಾಲ, ಹನೂರುಗಳ ಮೇಲೆ ಹಾದು ಹೋಗುವ ಈ ದಾರಿ ಸುಮಾರು 200 ಕಿ.ಮೀ. ಉದ್ದದ್ದು. ಕೆಲವರು ಸಂಗಮದ ಬಳಿ ಕಾವೇರಿಯನ್ನು ದಾಟಿ ಕಾಡಿನ ಹಾದಿ ಹಿಡಿಯುತ್ತಾರೆ. ಯುಗಾದಿಯ ವೇಳೆಗೆ ಉತ್ತರ ಕರ್ನಾಟಕದ ಭಕ್ತರು ನಲ್ಲಮಲೆಯ ಅಡವಿಯನ್ನು ಹಾದು ಶ್ರೀಶೈಲಕ್ಕೆ ನಡೆಯುತ್ತಾರೆ. ಕುಟುಂಬವೊಂದು ಕೂಡಿ ನಡೆಯುವುದು ಮನಸ್ಸಿಗೂ ದೇಹಕ್ಕೂ ಹಿತವಾದುದೇ ಸರಿ. ಆದರೆ ಈ ಯಾತ್ರೆಗಳಲ್ಲಿ ಕಾಯಿಲೆ ಬೀಳುವವರನ್ನು ವರ್ಷಗಳಿಂದ ಕಾಣುತ್ತ ಬಂದಿರುವ ನಮಗೆ ಒಂದು ಮಾತು ಖಚಿತವಾಗಿದೆ: ಬಹುಪಾಲು ತೊಂದರೆಗಳ ಬೀಜ ಬಿತ್ತನೆಯಾಗುವುದು ಮೊದಲ ಮೂರು ದಿನಗಳಲ್ಲಿ.

ಕಾರಣ ಸರಳವಾಗಿದೆ. ವರ್ಷವಿಡೀ ಕುರ್ಚಿಯ ಮೇಲೆ ಕುಳಿತು ದುಡಿಯುವ ದೇಹವನ್ನು, ಅಥವಾ ಯಂತ್ರದ ಮುಂದೆ ನಿಂತಲ್ಲೇ ನಿಲ್ಲುವ ದೇಹವನ್ನು, ಒಂದೇ ದಿನದಲ್ಲಿ 35–40 ಕಿ.ಮೀ. ನಡೆಸುತ್ತೇವೆ. ಮೊದಲ ದಿನದ ಉತ್ಸಾಹದಲ್ಲಿ ನೋವು ತಿಳಿಯುವುದಿಲ್ಲ. ಎರಡನೆಯ ದಿನ ತೊಡೆ, ಮೀನಖಂಡಗಳು ಬಿಗಿಯುತ್ತವೆ, ಅಂಗಾಲಿನಲ್ಲಿ ಬೊಬ್ಬೆಗಳೇಳುತ್ತವೆ. ಮೂರನೆಯ ದಿನ ನೋವಿನ ಮಾತ್ರೆ ನುಂಗಿ ಕುಂಟುತ್ತ ನಡೆಯುವುದು ಆರಂಭವಾಗುತ್ತದೆ. ನೀರು ಕಡಿಮೆಯಾದ ದೇಹಕ್ಕೆ ಇಂತಹ ಮಾತ್ರೆಗಳನ್ನು ಮೇಲಿಂದ ಮೇಲೆ ಕೊಟ್ಟರೆ ಮೂತ್ರಪಿಂಡಗಳಿಗೆ ಪೆಟ್ಟು ಬೀಳಬಹುದೆಂಬುದನ್ನು ಬಲ್ಲವರು ವಿರಳ.

ವಾಗ್ಭಟಾಚಾರ್ಯರು ಅಷ್ಟಾಂಗಹೃದಯದಲ್ಲಿ ವ್ಯಾಯಾಮಕ್ಕೆ ಮಿತಿಯನ್ನು ವಿಧಿಸಿದ್ದಾರೆ. ಬಲವಂತರು ಸಹ ಶೀತಕಾಲದಲ್ಲಿ ಮತ್ತು ವಸಂತದಲ್ಲಿ ತಮ್ಮ ಶಕ್ತಿಯ ಅರ್ಧದಷ್ಟನ್ನು ಮಾತ್ರ ವ್ಯಯಿಸಬೇಕು. ಉಳಿದ ಋತುಗಳಲ್ಲಿ ಅದಕ್ಕಿಂತಲೂ ಕಡಿಮೆ. ಹಣೆ, ಮೂಗು, ಕಂಕುಳುಗಳಲ್ಲಿ ಬೆವರೊಡೆದು ಬಾಯಿ ಒಣಗತೊಡಗಿದರೆ ಅರ್ಧಶಕ್ತಿ ಮುಗಿಯಿತೆಂದು ತಿಳಿಯಬೇಕು. ಈ ಸೂತ್ರವನ್ನು ಯಾತ್ರೆಗೆ ಅನ್ವಯಿಸಿದರೆ ಮೊದಲ ದಿನ 12 ಕಿ.ಮೀ., ಎರಡನೆಯ ದಿನ 15, ಮೂರನೆಯ ದಿನ 18 ಎಂಬ ಕ್ರಮ ಸಾಧಾರಣ ಗೃಹಸ್ಥರಿಗೆ ಸಾಕು. ಮುಂದೆ ದೇಹವೇ ದಾರಿಗೆ ಒಗ್ಗುತ್ತದೆ. ಹೊರಡುವ ಮೊದಲು ಒಂದು ತಿಂಗಳಾದರೂ ಪ್ರತಿದಿನ ನಡೆದು, ಯಾತ್ರೆಯಲ್ಲಿ ತೊಡುವ ಪಾದರಕ್ಷೆಯನ್ನೇ ತೊಟ್ಟು ಪಳಗಿಸಿರಬೇಕು.

ರಜೆ ಇರುವುದೇ ಐದು ದಿನ, ನಿಧಾನವಾಗಿ ನಡೆದರೆ ತಲಪುವುದೆಂದು ಎಂದು ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಅಂಥವರು ಕೊಳ್ಳೇಗಾಲದವರೆಗೆ ಬಸ್ಸಿನಲ್ಲಿ ಹೋಗಿ ಅಲ್ಲಿಂದ ನಡೆಯಲಿ ಎಂಬುದು ನಮ್ಮ ಅಭಿಪ್ರಾಯ. ಅಲ್ಲಿಂದ ಬೆಟ್ಟಕ್ಕೆ ಸುಮಾರು 80 ಕಿ.ಮೀ. ಐದು ದಿನಗಳಿಗೆ ಅದು ಹಿತವಾದ ದಾರಿ. ಮನೆಯ ಹೊಸಿಲಿನಿಂದಲೇ ನಡೆಯಬೇಕೆಂಬ ಹಟಕ್ಕೆ ವೃದ್ಧ ತಾಯಿಯ ಮೊಣಕಾಲು ಬೆಲೆ ತೆರಬಾರದು.

ಕಷ್ಟಪಟ್ಟಷ್ಟೂ ಪುಣ್ಯ ಹೆಚ್ಚೆಂಬ ನಂಬಿಕೆಯೂ ಇದೆ. ದೇಹವನ್ನೇ ದೇಗುಲವೆಂದು ಕಂಡ ಶರಣರ ಹಾದಿಯಲ್ಲಿ ನಡೆಯುವವರು ಆ ದೇಗುಲವನ್ನು ತಾವೇ ಜಖಂಗೊಳಿಸುವುದು ಯಾವ ಭಕ್ತಿ? ನಡುಹಗಲಿನ ಕಾದ ಡಾಂಬರಿನ ಮೇಲೆ ಬರಿಗಾಲಿನಲ್ಲಿ ನಡೆಯುವುದು ಬೇಡ. ಬರಿಗಾಲಿನ ಹರಕೆ ಇದ್ದವರು ತಾಳಬೆಟ್ಟದಿಂದ ಮೇಲೇರುವಾಗ ಬೆಳಗಿನ ತಂಪಿನಲ್ಲಿ ಅದನ್ನು ಸಲ್ಲಿಸಬಹುದು. ಸಕ್ಕರೆ ಕಾಯಿಲೆ ಇರುವವರಿಗೆ ಈ ರಿಯಾಯಿತಿಯೂ ಇಲ್ಲ. ಅವರ ಪಾದಗಳಿಗೆ ಸ್ಪರ್ಶಜ್ಞಾನ ಕುಗ್ಗಿರುವುದರಿಂದ ಗಾಯವಾದರೂ ತಿಳಿಯದು. ಪ್ರತಿ ಸಂಜೆ ಮನೆಯವರೇ ಅವರ ಅಂಗಾಲುಗಳನ್ನು ಬೆಳಕಿನಲ್ಲಿ ಪರೀಕ್ಷಿಸಬೇಕು. ಉಪವಾಸದ ನೆಪದಲ್ಲಿ ಇವರು ಊಟ ಬಿಡಬಾರದು. ಸಕ್ಕರೆಯ ಅಥವಾ ರಕ್ತದೊತ್ತಡದ ಔಷಧವನ್ನು ತಾವಾಗಿಯೇ ನಿಲ್ಲಿಸಬಾರದು. ನಡಿಗೆಯ ದಿನಗಳ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಂಡು, ಜೇಬಿನಲ್ಲಿ ಸಕ್ಕರೆಯ ಪೊಟ್ಟಣವನ್ನು ಇಟ್ಟುಕೊಳ್ಳಬೇಕು. ನಡುಕ, ತಣ್ಣನೆಯ ಬೆವರು, ಕಣ್ಣು ಕತ್ತಲೆ ಕಂಡೊಡನೆ ಅದನ್ನು ತಿನ್ನಬೇಕು.

ಕುಟುಂಬದ ನಡಿಗೆಗೆ ಒಂದು ನಿಯಮ ಮುಖ್ಯವಾದುದು: ಎಲ್ಲರಿಗಿಂತ ನಿಧಾನವಾಗಿ ನಡೆಯುವವರು ಮುಂದಿರಬೇಕು, ಅವರ ಹೆಜ್ಜೆಯೇ ಎಲ್ಲರ ಹೆಜ್ಜೆಯಾಗಬೇಕು. ತರುಣರು ಮುಂದೆ ಹೋಗಿ ಕಾಯುತ್ತ ಕುಳಿತಿರುತ್ತಾರೆ. ಹಿರಿಯರು ಬಂದು ತಲಪಿದೊಡನೆ ಎದ್ದು ಹೊರಡುತ್ತಾರೆ. ವಿಶ್ರಾಂತಿ ದೊರೆತದ್ದು ತರುಣರಿಗೆ, ಬೇಕಾಗಿದ್ದುದು ಹಿರಿಯರಿಗೆ. ಸೋತವರು ತಮ್ಮ ಸೋಲನ್ನು ಹೇಳಿಕೊಳ್ಳಲು ನಾಚುವುದರಿಂದ ಗಂಟೆಗೊಮ್ಮೆ ಎಲ್ಲರೂ ಕುಳಿತು ನೀರು ಕುಡಿಯುವ ಪದ್ಧತಿ ಇರಲಿ.

ಬೆಳಗಿನ ಇಷ್ಟಲಿಂಗ ಪೂಜೆ ಮುಗಿಸಿ ಬೇಗನೆ ಹೊರಟು, ಬಿಸಿಲೇರುವ ಮೊದಲು ನೆರಳು ಸೇರಬೇಕು. ರಾಗಿ ಅಂಬಲಿ, ಉಪ್ಪು ಹಾಕಿದ ಮಜ್ಜಿಗೆ, ಎಳನೀರು ಉತ್ತಮ ಪಾನಗಳು. ತೀವ್ರ ಬಳಲಿಕೆಗೆ ಒಂದು ಲೀಟರ್ ಶುದ್ಧ ನೀರಿಗೆ ಆರು ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿ ಸ್ವಲ್ಪಸ್ವಲ್ಪವಾಗಿ ಕುಡಿಯಬೇಕು. ರಾತ್ರಿ ಪಾದ, ಮೀನಖಂಡಗಳಿಗೆ ಬೆಚ್ಚನೆಯ ಎಳ್ಳೆಣ್ಣೆ ಹಚ್ಚಿ ಮೃದುವಾಗಿ ತಿಕ್ಕುವುದರಿಂದ ವಾತ ಶಮನವಾಗಿ ನಿದ್ರೆ ಬರುತ್ತದೆ. ಬೆಳಿಗ್ಗೆ ಅದನ್ನು ಒರೆಸಿ ಒಣ ಕಾಲುಚೀಲ ತೊಡಬೇಕು. ಬೊಬ್ಬೆಯ ಚರ್ಮವನ್ನು ಕೀಳಬಾರದು. ಮೈ ಕೆಂಡದಂತೆ ಕಾದು ಮಾತು ತೊದಲಿದರೆ, ಎದೆ ನೋವು ಬಂದರೆ, ಮೂತ್ರ ಕಪ್ಪಾಗಿ ಹೋದರೆ ಯಾವ ಕಷಾಯಕ್ಕೂ ಕಾಯದೆ 108ಕ್ಕೆ ಕರೆ ಮಾಡಬೇಕು. ಮೈ ಕಾದವರನ್ನು ನೆರಳಿಗೆ ತಂದು ನೀರು ಚಿಮುಕಿಸಿ ಗಾಳಿ ಬೀಸುತ್ತಿರಬೇಕು.

ಕೊನೆಯದಾಗಿ, ದಾರಿಯುದ್ದಕ್ಕೂ ಸೇವೆ ಸಲ್ಲಿಸುವ ಸಂಘಗಳಲ್ಲಿ ನಮ್ಮದೊಂದು ವಿನಂತಿ. ಚರಕಾಚಾರ್ಯರು ತಡೆಯಬಾರದೆಂದ ಹದಿಮೂರು ವೇಗಗಳಲ್ಲಿ ಮೂತ್ರವೇಗ ಮೊದಲನೆಯ ಸಾಲಿನಲ್ಲಿದೆ. ಶೌಚಾಲಯ ಸಿಗದೆಂಬ ಅಂಜಿಕೆಯಿಂದ ನಮ್ಮ ತಾಯಂದಿರು, ಹೆಣ್ಣುಮಕ್ಕಳು ದಿನವಿಡೀ ನೀರನ್ನೇ ಕುಡಿಯದೆ ನಡೆಯುತ್ತಾರೆ. ಮೂತ್ರದ ಸೋಂಕು, ತಲೆಸುತ್ತುಗಳಿಗೆ ಇದು ದೊಡ್ಡ ಕಾರಣ. ಅರವಟ್ಟಿಗೆಗಳಲ್ಲಿ ಪ್ರಸಾದಕ್ಕೆ ಕೊರತೆಯಿಲ್ಲ. ಮೂರು ಬಗೆಯ ಸಿಹಿಯೂ ಇರುತ್ತದೆ. ಒಂದು ಸಿಹಿಯನ್ನು ಕಡಿಮೆ ಮಾಡಿ, ಆ ಹಣದಲ್ಲಿ ಮಹಿಳೆಯರಿಗೆ ಮರೆಯುಳ್ಳ, ನೀರುಳ್ಳ, ರಾತ್ರಿ ದೀಪವುಳ್ಳ ತಾತ್ಕಾಲಿಕ ಶೌಚಾಲಯವನ್ನು ನಿಲ್ಲಿಸಿದರೆ ಅದೂ ದಾಸೋಹವೇ ಆಗುತ್ತದೆ. ಈ ಸಲದ ಶಿವರಾತ್ರಿಗೆ ಸಭೆ ಸೇರುವ ಸಮಿತಿಗಳು ಅಡುಗೆಯ ಪಟ್ಟಿಗಿಂತ ಮೊದಲು ಈ ವಿಷಯವನ್ನು ಚರ್ಚಿಸಲಿ.