ಅಂಕದ ಆಸೆಯೂ ಭಾಷೆಯ ಆಯ್ಕೆಯೂ



ಎಸ್.ಎಸ್.ಎಲ್.ಸಿ. ಪರೀಕ್ಷೆಯ ಒಟ್ಟು 625 ಅಂಕಗಳಲ್ಲಿ ಪ್ರಥಮ ಭಾಷೆಯೊಂದಕ್ಕೇ 125 ಅಂಕಗಳು ಮೀಸಲಾಗಿರುವುದರಿಂದ, ಎಂಟನೆಯ ತರಗತಿಯ ಪ್ರವೇಶದ ಅರ್ಜಿಯನ್ನು ಹಿಡಿದು ಬಂದ ತಂದೆತಾಯಿಗಳು, ಮಗುವಿಗೆ ಯಾವ ಭಾಷೆಯಲ್ಲಿ ಒಲವುಂಟೆಂದು ವಿಚಾರಿಸದೆ, “ಯಾವುದರಲ್ಲಿ ಪೂರ್ಣಾಂಕ ಸುಲಭ?” ಎಂದೇ ಗುಮಾಸ್ತರನ್ನು ಕೇಳುವುದನ್ನು ಅಧ್ಯಾಪಕನಾದ ನಾನು ಪ್ರತಿವರ್ಷವೂ ಕಾಣುತ್ತಿದ್ದೇನೆ. ಅಂಕ ಸುಲಭವೆಂದು ಹೀಗೆ ಪ್ರಥಮ ಭಾಷೆಯಾಗಿ ಆಯ್ದ ಸಂಸ್ಕೃತವು ಕಾವ್ಯಾಸ್ವಾದಕ್ಕೆ ದಾರಿಯಾಗದೆ ಶಬ್ದರೂಪಗಳ ಕಂಠಪಾಠದಲ್ಲಿಯೇ ಮುಗಿಯುತ್ತದೆ. ಮನೆಮಾತಾದ ಕನ್ನಡವೋ ಎರಡನೆಯ ಸ್ಥಾನಕ್ಕೆ ಸರಿದು ಸೊರಗುತ್ತದೆ. ಉಭಯ ಭಾಷೆಗಳಿಗೂ ಇದು ಅನ್ಯಾಯ. ಪ್ರಶ್ನಪತ್ರಿಕೆಗಳ ಕಾಠಿಣ್ಯವು ಎಲ್ಲ ಭಾಷೆಗಳಲ್ಲಿಯೂ ಸಮವಾಗಿರುವಂತೆಯೂ, ವಿದ್ಯಾರ್ಥಿಯ ಸ್ವಂತ ವಾಕ್ಯರಚನೆಗೆ ಹೆಚ್ಚಿನ ಮನ್ನಣೆ ದೊರೆಯುವಂತೆಯೂ ಪರೀಕ್ಷಾ ಮಂಡಲಿಯವರು ಏರ್ಪಡಿಸಿದಲ್ಲಿ, ಆಯ್ಕೆಯು ಅಂಕವನ್ನಲ್ಲ, ಮಕ್ಕಳ ಅಭಿರುಚಿಯನ್ನು ಅನುಸರಿಸೀತು.

ಇಂತಿ,
ಓರ್ವ ಅಧ್ಯಾಪಕ, ತುಮಕೂರು